ಕಿತ್ತ ಮೇಲೂ ಉಸಿರಾಡುವ ಹಣ್ಣು: ಹಣ್ಣು-ತರಕಾರಿ ರಫ್ತಿನ ಮೂಲಕ ಒಂದು ವಿಜ್ಞಾನ ಪಾಠ

ಪೀಠಿಕೆ

ಎಂಟನೇ ತರಗತಿ ವಿಜ್ಞಾನದ 'ಬೆಳೆ ಉತ್ಪಾದನೆ ಮತ್ತು ನಿರ್ವಹಣೆ' ಘಟಕವು ಮಣ್ಣು ಹದಗೊಳಿಸುವುದರಿಂದ ಆರಂಭವಾಗಿ ಬಿತ್ತನೆ, ಗೊಬ್ಬರ, ನೀರಾವರಿ, ಕಳೆ ನಿಯಂತ್ರಣ, ಕೊಯ್ಲುಗಳನ್ನು ದಾಟಿ ಸಂಗ್ರಹಣೆಗೆ ಬರುತ್ತದೆ. ಅಲ್ಲಿ ಸಂಗ್ರಹಣೆ ಎಂದರೆ ಮುಖ್ಯವಾಗಿ ಕಾಳುಕಡಿಯ ಸಂಗ್ರಹಣೆ. ಬಿಸಿಲಿಗೆ ಒಣಗಿಸಬೇಕು, ತೇವ ಹೋಗಬೇಕು, ಗೋಣಿಚೀಲಕ್ಕೋ ಕಣಜಕ್ಕೋ ತುಂಬಬೇಕು, ಬೇವಿನ ಎಲೆ ಹಾಕಬೇಕು. ಜೋಳ, ಗೋವಿನಜೋಳ, ಸೋಯಾಬೀನಿಗೆ ಇದು ಸರಿ. ಆದರೆ ಟೊಮೆಟೊ, ಮೆಂತೆ, ಬೆಂಡೆಕಾಯಿ, ದ್ರಾಕ್ಷಿಯನ್ನು ಒಣಗಿಸಿದರೆ ಅವು ತಾಜಾ ಆಗಿ ಉಳಿಯುವುದಿಲ್ಲ. ಹಾಗಾದರೆ ಅವನ್ನು ಕಾಯ್ದಿಡುವುದು ಹೇಗೆ ಎಂಬ ಪ್ರಶ್ನೆಗೆ ಘಟಕದಲ್ಲಿ ಹೆಚ್ಚಿನ ಜಾಗವಿಲ್ಲ.

ಬೋಧನಾಭ್ಯಾಸಕ್ಕೆಂದು ಹುಕ್ಕೇರಿ ತಾಲ್ಲೂಕಿನ ಕಣಗಲಾದ ಪ್ರೌಢಶಾಲೆಯೊಂದಕ್ಕೆ ನಿಯೋಜನೆಗೊಂಡಾಗ ಈ ಖಾಲಿ ಜಾಗವನ್ನೇ ಪಾಠವನ್ನಾಗಿ ಮಾಡಿಕೊಳ್ಳಬಹುದು ಎನ್ನಿಸಿತು. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಇಲ್ಲಿನ ಹೆಚ್ಚಿನ ಮಕ್ಕಳು ಒಕ್ಕಲುತನದ ಮನೆಯವರು. ಬೆಳೆದ ತರಕಾರಿ ಸಂತೆ ಮುಟ್ಟುವಷ್ಟರಲ್ಲಿ ಬಾಡಿ ಹೋದದ್ದನ್ನು ಅವರು ಕಣ್ಣಾರೆ ಕಂಡವರು. ಎರಡನೆಯದು, ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48 ಊರಿನ ಮಗ್ಗುಲಲ್ಲೇ ಹಾದುಹೋಗುತ್ತದೆ. ಮುಂಬೈ ಕಡೆಯ ಬಂದರಿಗೆ ಹೋಗುವ ಸರಕೂ ಅಲ್ಲಿಂದ ಬರುವ ಸರಕೂ ಇದೇ ದಾರಿ ಹಿಡಿಯುತ್ತವೆ.

ಪಾಠದ ಕೇಂದ್ರ ಪ್ರಶ್ನೆ ಒಂದೇ: ಯುರೋಪಿನಲ್ಲಿ ಕಿತ್ತ ಸೇಬು ತಿಂಗಳುಗಟ್ಟಲೆ ಕಳೆದು, ಸಮುದ್ರ ದಾಟಿ, ಸಂಕೇಶ್ವರದ ಹಣ್ಣಿನ ಗಾಡಿಯ ಮೇಲೆ ಗಟ್ಟಿಯಾಗಿ ಕುಳಿತಿರುತ್ತದೆ. ನಮ್ಮ ಹೊಲದ ಟೊಮೆಟೊ ಅದೇ ಗಾಡಿಯ ಪಕ್ಕ ಮೂರು ದಿನಕ್ಕೆ ಮೆತ್ತಗಾಗುತ್ತದೆ. ಏಕೆ?

ಪಾಠದ ಚೌಕಟ್ಟು

ತರಗತಿ: 8. ವಿಷಯ: ವಿಜ್ಞಾನ. ಘಟಕ: ಬೆಳೆ ಉತ್ಪಾದನೆ ಮತ್ತು ನಿರ್ವಹಣೆ. ಉಪಘಟಕ: ತಾಜಾ ಹಣ್ಣು-ತರಕಾರಿಗಳ ಸಂಗ್ರಹಣೆ ಮತ್ತು ಸಾಗಣೆ. ಅವಧಿ: 40 ನಿಮಿಷಗಳ ಮೂರು ಅವಧಿಗಳು, ಸತತ ಮೂರು ದಿನ. ಮೊದಲ ದಿನ ಜೋಡಿಸಿದ ಪ್ರಯೋಗಗಳ ಫಲಿತಾಂಶವನ್ನು ಎರಡನೆಯ ದಿನ ನೋಡುವುದರಿಂದ ದಿನಗಳ ನಡುವೆ ರಜೆ ಬರದಂತೆ ನೋಡಿಕೊಳ್ಳಬೇಕು.

ಪೂರ್ವಜ್ಞಾನ: ಉಸಿರಾಟದಲ್ಲಿ ಗ್ಲೂಕೋಸ್ ಆಕ್ಸಿಜನ್ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್, ನೀರು ಮತ್ತು ಶಕ್ತಿ ಉಂಟಾಗುತ್ತವೆ ಎಂಬುದನ್ನು ಮಕ್ಕಳು ಏಳನೇ ತರಗತಿಯಲ್ಲಿ ಕಲಿತಿದ್ದಾರೆ. ಪುಸ್ತಕದ ಹೊರಗಿನ ಪೂರ್ವಜ್ಞಾನವೂ ಇದೆ. ಕಡಿದ ಕಬ್ಬು ಕಾರ್ಖಾನೆಯ ಅಂಗಳದಲ್ಲಿ ಎರಡು ದಿನ ಗಾಡಿಯಲ್ಲೇ ನಿಂತರೆ ತೂಕ ಇಳಿಯುತ್ತದೆ ಎಂಬುದು ಈ ಭಾಗದ ಪ್ರತಿಯೊಂದು ಮಗುವಿಗೂ ಗೊತ್ತು. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಹಿಡಿಕೆ ಬೇರೆ ಇಲ್ಲ.

ಕಲಿಕಾ ಫಲಗಳು: ಪಾಠದ ಕೊನೆಗೆ ವಿದ್ಯಾರ್ಥಿಯು
1. ಕೊಯ್ಲಾದ ಹಣ್ಣು-ತರಕಾರಿ ಜೀವಂತ ಅಂಗವೆಂದು ಪ್ರಯೋಗದ ಆಧಾರದಿಂದ ಹೇಳುತ್ತಾನೆ/ಳೆ.
2. ಉಷ್ಣತೆ, ತೇವಾಂಶ, ಸುತ್ತಲಿನ ಗಾಳಿ ಇವು ಹಾಳಾಗುವ ವೇಗವನ್ನು ಹೇಗೆ ಬದಲಿಸುತ್ತವೆ ಎಂದು ವಿವರಿಸುತ್ತಾನೆ/ಳೆ.
3. ರಫ್ತಿನ ಪ್ರತಿ ಹಂತಕ್ಕೂ ಅದರ ಹಿಂದಿನ ವಿಜ್ಞಾನದ ಕಾರಣವನ್ನು ಹೊಂದಿಸುತ್ತಾನೆ/ಳೆ.
4. ವಿದ್ಯುತ್ ಇಲ್ಲದೆ ತರಕಾರಿ ತಂಪಾಗಿಡುವ ಸಾಧನವೊಂದನ್ನು ತಯಾರಿಸುತ್ತಾನೆ/ಳೆ.

ಸಾಮಗ್ರಿಗಳು: ಬಿಗಿ ಮುಚ್ಚಳದ ಮೂರು ಗಾಜಿನ ಬಾಟಲಿಗಳು, ತಿನ್ನುವ ಸುಣ್ಣ, ಎಳೆ ಬೆಂಡೆಕಾಯಿ, ಮೆಂತೆ ಸೊಪ್ಪಿನ ಮೂರು ಸಮ ಸಿವುಡು, ಬಾಳೆಯ ಕಾಯಿ ಮತ್ತು ಹಣ್ಣು, ತಕ್ಕಡಿ, ಉಷ್ಣತಾಮಾಪಕ, ಒಂದರೊಳಗೊಂದು ಕೂಡುವ ಎರಡು ಮಣ್ಣಿನ ಗಡಿಗೆ, ಮರಳು, ಪ್ರಪಂಚದ ಭೂಪಟ. ತಕ್ಕಡಿಯೊಂದನ್ನು ಬಿಟ್ಟರೆ ಕೊಂಡು ತರಬೇಕಾದದ್ದು ಹೆಚ್ಚೇನಿಲ್ಲ.

ಹಂತ 1: ತೊಡಗಿಸಿಕೊಳ್ಳುವುದು

ಹಿಂದಿನ ದಿನವೇ ಮಕ್ಕಳಿಗೆ ಒಂದು ಕೆಲಸ ಕೊಡಬೇಕು: ಸೇಬು, ಕಿವಿ ಮುಂತಾದ ಹಣ್ಣುಗಳ ಮೇಲಿನ ಚಿಕ್ಕ ಸ್ಟಿಕ್ಕರ್ ಸಿಕ್ಕರೆ ಕಿತ್ತು ನೋಟ್‌ಬುಕ್ಕಿಗೆ ಅಂಟಿಸಿ ತರುವುದು. ಸ್ಟಿಕ್ಕರಿನ ಮೇಲೆ ದೇಶದ ಹೆಸರಿದ್ದರೆ ಅದನ್ನು ಭೂಪಟದಲ್ಲಿ ಹುಡುಕಿಸಬೇಕು. ಇಟಲಿ, ಪೋಲೆಂಡ್, ನ್ಯೂಜಿಲೆಂಡ್, ಇರಾನ್ ಹೀಗೆ ಹೆಸರುಗಳು ಬರುತ್ತವೆ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬಹುದು. ಸ್ಟಿಕ್ಕರಿನ ನಾಲ್ಕಂಕಿಯ ಸಂಖ್ಯೆ ದೇಶವನ್ನು ಸೂಚಿಸುವುದಿಲ್ಲ. ಅದು ಹಣ್ಣಿನ ಬಗೆಯನ್ನು ಗುರುತಿಸುವ ಮಾರಾಟದ ಸಂಕೇತ. 9ರಿಂದ ಆರಂಭವಾಗುವ ಐದಂಕಿ ಇದ್ದರೆ ಸಾವಯವ ಎಂದು ಅರ್ಥ.

ಆಮೇಲೆ ಒಂದು ಲೆಕ್ಕ. ಇಟಲಿಯ ಉತ್ತರದ ಬೆಟ್ಟಸೀಮೆಯಲ್ಲಿ ಸೇಬಿನ ಕೊಯ್ಲು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನಡೆಯುತ್ತದೆ. ಆ ಸೇಬನ್ನು ನಾವು ಏಪ್ರಿಲ್‌ನಲ್ಲಿ ಕೊಂಡರೆ ಕಿತ್ತು ಎಷ್ಟು ತಿಂಗಳಾಯಿತು? ಬೆರಳೆಣಿಸಿ ಆರು, ಏಳು, ಎಂಟು ಎನ್ನುವಾಗ ತರಗತಿಯಲ್ಲಿ ಗದ್ದಲವಾಗುತ್ತದೆ. "ಮ್ಯಾಣ ಹಚ್ಚಿರ್ತಾರ್ರಿ", "ಔಷಧ ಹೊಡದಿರ್ತಾರ್ರಿ" ಎಂಬ ಉತ್ತರಗಳು ಬಂದವು. ಎರಡನ್ನೂ ತಳ್ಳಿಹಾಕದೆ ಕಪ್ಪುಹಲಗೆಯ ಒಂದು ಮೂಲೆಯಲ್ಲಿ ಊಹೆಗಳೆಂದು ಬರೆದಿಟ್ಟೆ. ಮೂರನೆಯ ದಿನ ಅವುಗಳ ಎದುರು ಸರಿ-ತಪ್ಪು ಬರೆಯುವ ಕೆಲಸ ಮಕ್ಕಳದೇ.

ಹಂತ 2: ಪರಿಶೋಧಿಸುವುದು

ತರಗತಿಯನ್ನು ಗುಂಪುಗಳಾಗಿ ಮಾಡಿ ಮೂರು ಚಟುವಟಿಕೆಗಳನ್ನು ಹಂಚಬೇಕು.

ಚಟುವಟಿಕೆ ಅ: ಬೆಂಡೆಕಾಯಿ ಉಸಿರಾಡುತ್ತದೆಯೇ? ತಿನ್ನುವ ಸುಣ್ಣವನ್ನು ನೀರಿನಲ್ಲಿ ಕದಡಿ ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಂಡರೆ ಸುಣ್ಣದ ತಿಳಿನೀರು ಸಿದ್ಧ. ಮೂರು ಬಾಟಲಿಗಳಲ್ಲಿ ಚಿಕ್ಕ ಬಟ್ಟಲಿನಲ್ಲಿ ಈ ತಿಳಿನೀರು ಇಡಬೇಕು. ಮೊದಲನೆಯದರಲ್ಲಿ ಹಸಿ ಬೆಂಡೆಕಾಯಿ, ಎರಡನೆಯದರಲ್ಲಿ ಕುದಿಸಿ ಆರಿಸಿದ ಬೆಂಡೆಕಾಯಿ, ಮೂರನೆಯದರಲ್ಲಿ ಏನೂ ಇಲ್ಲ. ಮುಚ್ಚಳ ಬಿಗಿಮಾಡಿ ಮರುದಿನ ಬೆಳಿಗ್ಗೆ ನೋಡಿದಾಗ ಹಸಿ ಬೆಂಡೆಕಾಯಿಯ ಬಾಟಲಿಯ ತಿಳಿನೀರು ಹಾಲಿನಂತಾಗಿತ್ತು. ಉಳಿದೆರಡು ತಿಳಿಯಾಗಿಯೇ ಇದ್ದವು. ಎರಡನೆಯ ಬಾಟಲಿ ಮುಖ್ಯ. ಅದಿಲ್ಲದಿದ್ದರೆ ಕಾರ್ಬನ್ ಡೈಆಕ್ಸೈಡ್ ಬಂದದ್ದು ಕಾಯಿಯಿಂದ ಎಂದಷ್ಟೇ ಹೇಳಬಹುದು. ಅದಿರುವುದರಿಂದ ಜೀವಂತ ಕಾಯಿಯಿಂದ ಎಂದು ಹೇಳಲು ಬರುತ್ತದೆ. ಸುಣ್ಣದ ನೀರು ಕಣ್ಣಿಗೆ ಸಿಡಿಯದಂತೆ ಶಿಕ್ಷಕರೇ ಸುರಿಯುವುದು ಒಳ್ಳೆಯದು.

ಚಟುವಟಿಕೆ ಆ: ನೀರು ಎಲ್ಲಿ ಹೋಯಿತು? ಮೂರು ಸಮ ತೂಕದ ಮೆಂತೆ ಸಿವುಡುಗಳನ್ನು ಒಂದನ್ನು ಬಿಸಿಲಲ್ಲಿ, ಒಂದನ್ನು ನೆರಳಲ್ಲಿ, ಒಂದನ್ನು ನೆರಳಲ್ಲೇ ಒದ್ದೆ ಗೋಣಿತಟ್ಟಿನ ಕೆಳಗೆ ಇಟ್ಟು, ಮರುದಿನ ಗೋಣಿಯ ಹನಿ ಒರೆಸಿ ತೂಗಬೇಕು. ಬಿಸಿಲಿನ ಸಿವುಡು ಅತಿ ಹೆಚ್ಚು ಇಳಿಯುತ್ತದೆ, ಗೋಣಿಯ ಕೆಳಗಿನದು ಅತಿ ಕಡಿಮೆ. ಇಳಿದ ತೂಕವನ್ನು ಶೇಕಡಾವಾರಿಗೆ ತಿರುಗಿಸುವುದು ಗಣಿತದ ಅಭ್ಯಾಸ. ಸಂತೆಯಲ್ಲಿ ತೂಕದ ಮೇಲೆ ದುಡ್ಡು ಬರುವ ಮಾಲಿಗೆ, ಆವಿಯಾದ ನೀರೆಂದರೆ ಆವಿಯಾದ ದುಡ್ಡು.

ಚಟುವಟಿಕೆ ಇ: ಹಣ್ಣು ಹಣ್ಣಿಗೆ ಏನು ಹೇಳುತ್ತದೆ? ಒಂದು ಕಾಗದದ ಚೀಲದಲ್ಲಿ ಬಾಳೆಕಾಯಿಯನ್ನು ಒಂಟಿಯಾಗಿ, ಇನ್ನೊಂದರಲ್ಲಿ ಬಾಳೆಕಾಯಿಯ ಜೊತೆ ಚೆನ್ನಾಗಿ ಮಾಗಿದ ಬಾಳೆಹಣ್ಣನ್ನು ಇಟ್ಟು ಬಾಯಿ ಮಡಚಬೇಕು. ಇದರ ಫಲಿತಾಂಶಕ್ಕೆ ಮೂರು ದಿನ ಬೇಕು. ಜೊತೆಗಿದ್ದ ಕಾಯಿ ಮೊದಲು ಹಳದಿಯಾಗುತ್ತದೆ. ಮಾಗುವ ಹಣ್ಣು ಹೊರಬಿಡುವ ಎಥಿಲೀನ್ ಎಂಬ ಅನಿಲ ಪಕ್ಕದ ಕಾಯಿಯನ್ನೂ ಮಾಗಿಸುತ್ತದೆ. ಮನೆಯಲ್ಲಿ ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿ ಅಡಿ ಹಾಕುವ ರೂಢಿಯನ್ನು ಮಕ್ಕಳೇ ನೆನಪಿಸಿದರು. ಅಲ್ಲಿಯೂ ಕೆಲಸ ಮಾಡುವುದು ಹೊರಹೋಗದೆ ಉಳಿದ ಇದೇ ಅನಿಲ.

ಹಂತ 3: ವಿವರಿಸುವುದು

ಗುಂಪುಗಳು ತಮ್ಮ ಫಲಿತಾಂಶ ಹೇಳಿದ ಮೇಲೆ ಶಿಕ್ಷಕರ ವಿವರಣೆ ಬರಬೇಕು, ಮೊದಲಲ್ಲ. ವಿವರಣೆಯ ತಿರುಳು ಇಷ್ಟು: ಗಿಡದಲ್ಲಿದ್ದಾಗ ಕಾಯಿಗೆ ಸಕ್ಕರೆಯೂ ನೀರೂ ಒಳಗೆ ಬರುತ್ತಿದ್ದವು. ಕಿತ್ತ ಗಳಿಗೆಯಿಂದ ಬರುವುದು ನಿಂತಿತು, ಖರ್ಚು ನಿಲ್ಲಲಿಲ್ಲ. ಉಸಿರಾಟದಲ್ಲಿ ಸಕ್ಕರೆ ಕರಗುತ್ತದೆ, ಸಿಪ್ಪೆಯ ಮೂಲಕ ನೀರು ಹೋಗುತ್ತದೆ, ಶಾಖ ಹೊರಬರುತ್ತದೆ. ಸೊಪ್ಪು ತುಂಬಿದ ಚೀಲದ ನಡುವೆ ಕೈ ಹಾಕಿದರೆ ಬಿಸಿ ತಾಗುವುದು ಇದೇ ಕಾರಣಕ್ಕೆ. ಕಬ್ಬಿನ ತೂಕದ ಸಂಗತಿಯನ್ನು ಇಲ್ಲಿ ಮತ್ತೆ ಎತ್ತಿಕೊಂಡರೆ ಮಕ್ಕಳು ತಾವಾಗಿಯೇ ಕೂಡಿಸಿಕೊಳ್ಳುತ್ತಾರೆ.

ಈ ಖರ್ಚನ್ನು ಪೂರ್ತಿ ನಿಲ್ಲಿಸಿದರೆ ಹಣ್ಣು ಸಾಯುತ್ತದೆ. ನಿಧಾನಗೊಳಿಸಿದರೆ ಬಾಳುತ್ತದೆ. ನಿಧಾನಗೊಳಿಸುವ ಮೊದಲ ಸಾಧನ ತಂಪು. ಸಾಮಾನ್ಯವಾಗಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಉಸಿರಾಟದ ವೇಗ ಸುಮಾರು 2ರಿಂದ 3 ಪಟ್ಟಾಗುತ್ತದೆ. ಕಡಿಮೆಯ ಅಂಕಿಯನ್ನೇ ಹಿಡಿದು ಹಲಗೆಯ ಮೇಲೆ ಲೆಕ್ಕ ಮಾಡಬಹುದು. 0 ಡಿಗ್ರಿಯಿಂದ 30 ಡಿಗ್ರಿಗೆ ಮೂರು ಮೆಟ್ಟಿಲು. 2 × 2 × 2 = 8. ಅಂದರೆ 30 ಡಿಗ್ರಿಯಲ್ಲಿ ದ್ರಾಕ್ಷಿ 6 ಗಂಟೆ ಕಾದರೆ, 0 ಡಿಗ್ರಿಯಲ್ಲಿ 48 ಗಂಟೆ, ಎಂದರೆ ಎರಡು ದಿನ, ಖರ್ಚು ಮಾಡುವಷ್ಟು ಸಕ್ಕರೆಯನ್ನು ಖರ್ಚು ಮಾಡಿರುತ್ತದೆ. ಇದು ಅಂದಾಜಿನ ಲೆಕ್ಕ, ಆದರೆ ಮರದ ಕೆಳಗೆ ಕ್ರೇಟ್ ಇಟ್ಟು ಲಾರಿಗೆ ಕಾಯುವ ಮಧ್ಯಾಹ್ನದ ಬೆಲೆ ಇದರಿಂದ ಕಣ್ಣಿಗೆ ಕಟ್ಟುತ್ತದೆ.

ತಂಪು ಎಂದರೆ ಎಲ್ಲಕ್ಕೂ ಒಂದೇ ತಂಪಲ್ಲ. ಕಪ್ಪುಹಲಗೆಯ ಸಾರಾಂಶದಲ್ಲಿ ಈ ನಾಲ್ಕು ಸಾಲು ಇರಲಿ:

ದ್ರಾಕ್ಷಿ: 0 ಡಿಗ್ರಿಯ ಆಸುಪಾಸು, ಹೆಚ್ಚು ತೇವಾಂಶ. ಕಿತ್ತ ಮೇಲೆ ಮಾಗುವುದಿಲ್ಲ, ಆದ್ದರಿಂದ ಸಿಹಿ ತುಂಬಿದ ಮೇಲೆಯೇ ಕೊಯ್ಲು.
ಸೇಬು: 0ರಿಂದ 1 ಡಿಗ್ರಿಯ ಆಸುಪಾಸು. ಕಿತ್ತ ಮೇಲೂ ಮಾಗುತ್ತದೆ.
ಟೊಮೆಟೊ: 10 ಡಿಗ್ರಿಗಿಂತ ಸ್ವಲ್ಪ ಮೇಲೆ. ಕಿತ್ತ ಮೇಲೂ ಮಾಗುತ್ತದೆ.
ಬಾಳೆ: 13 ಡಿಗ್ರಿಯ ಆಸುಪಾಸು. ಅದಕ್ಕಿಂತ ಇಳಿದರೆ ಸಿಪ್ಪೆ ಕಪ್ಪಾಗುತ್ತದೆ.

ಫ್ರಿಜ್‌ನಲ್ಲಿಟ್ಟ ಬಾಳೆಹಣ್ಣು ಕಪ್ಪಾಗುವುದೇಕೆ ಎಂಬ ಮನೆಯ ಪ್ರಶ್ನೆಗೆ ಕೊನೆಯ ಸಾಲು ಉತ್ತರ.

ನಿಧಾನಗೊಳಿಸುವ ಎರಡನೆಯ ಸಾಧನ ಗಾಳಿ. ನಾವು ಉಸಿರಾಡುವ ಗಾಳಿಯಲ್ಲಿ ಆಕ್ಸಿಜನ್ ಸುಮಾರು ಶೇ. 21ರಷ್ಟಿದೆ. ಸೇಬಿನ ಶೀತಗೃಹದ ಬಾಗಿಲು ಬಿಗಿಮಾಡಿ ಆಕ್ಸಿಜನ್ನನ್ನು ಶೇ. 1ರಿಂದ 3ಕ್ಕೆ ಇಳಿಸಿ, ಕಾರ್ಬನ್ ಡೈಆಕ್ಸೈಡನ್ನು ಸ್ವಲ್ಪ ಏರಿಸಿದರೆ ಹಣ್ಣಿನ ಉಸಿರಾಟ ಬಹಳ ಮಂದವಾಗುತ್ತದೆ. 1920ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಫ್ರಾಂಕ್ಲಿನ್ ಕಿಡ್ ಮತ್ತು ಸಿರಿಲ್ ವೆಸ್ಟ್ ಎಂಬ ವಿಜ್ಞಾನಿಗಳು ಇದನ್ನು ಕ್ರಮಬದ್ಧವಾಗಿ ಅಭ್ಯಾಸ ಮಾಡಿದರು. ಇಂದು ಯುರೋಪಿನ ಸೇಬು ವರ್ಷದ ಬಹುಭಾಗ ಮಾರುಕಟ್ಟೆಯಲ್ಲಿರುವುದು ಮುಖ್ಯವಾಗಿ ಈ ತಂತ್ರದಿಂದ. ಕೆಲವು ಸೇಬಿಗೆ ಮೇಣದ ತೆಳು ಲೇಪ ಇರುವುದು ನಿಜ. ಅದು ನೀರು ಹೋಗುವುದನ್ನು ತಡೆಯುತ್ತದೆ, ಆದರೆ ಎಂಟು ತಿಂಗಳ ಬಾಳಿಕೆಗೆ ಮೇಣವೊಂದೇ ಕಾರಣವಲ್ಲ. ಮೂಲೆಯಲ್ಲಿ ಬರೆದಿಟ್ಟ ಊಹೆಗಳನ್ನು ಈಗ ಮಕ್ಕಳೇ ತಿದ್ದಬಹುದು.

ಹಂತ 4: ವಿಸ್ತರಿಸುವುದು

ಇಲ್ಲಿಯವರೆಗೆ ಯುರೋಪಿನ ಹಣ್ಣು ನಮ್ಮಲ್ಲಿಗೆ ಬಂದ ಕಥೆ. ಈಗ ನಮ್ಮ ಹಣ್ಣು ಯುರೋಪಿಗೆ ಹೋಗುವ ಕಥೆ. ನಮ್ಮದೇ ಜಿಲ್ಲೆಯ ಅಥಣಿ ತಾಲ್ಲೂಕು, ಪಕ್ಕದ ವಿಜಯಪುರ, ಗಡಿಯಾಚೆಯ ಸಾಂಗ್ಲಿ, ಇವು ದ್ರಾಕ್ಷಿಯ ಸೀಮೆಗಳು. ಯುರೋಪಿಗೆ ಹೋಗುವ ತಾಜಾ ದ್ರಾಕ್ಷಿಯ ಪ್ರಯಾಣವನ್ನು ಹಲಗೆಯ ಮೇಲೆ ಮೆಟ್ಟಿಲುಗಳಾಗಿ ಬರೆದು, ಪ್ರತಿ ಮೆಟ್ಟಿಲಿಗೂ 'ಏಕೆ' ಎಂದು ಮಕ್ಕಳನ್ನು ಕೇಳಬೇಕು.

ಬೆಳಗಿನ ತಂಪಿನಲ್ಲಿ ಕೊಯ್ಲು. ಏಕೆ? ಹೊಲದ ಬಿಸಿ ಹಣ್ಣಿನೊಳಗೆ ಕಡಿಮೆ ಇರುತ್ತದೆ. ಕೆಲವೇ ಗಂಟೆಗಳಲ್ಲಿ ಪೂರ್ವಶೀತಲೀಕರಣ, ಎಂದರೆ ಹಣ್ಣಿನ ಒಳಬಿಸಿಯನ್ನು 4 ಡಿಗ್ರಿಗಿಂತ ಕೆಳಕ್ಕೆ ಇಳಿಸುವುದು. ಏಕೆ? 2 × 2 × 2ರ ಲೆಕ್ಕ. ಪೆಟ್ಟಿಗೆಯೊಳಗೆ ಸೋಡಿಯಂ ಮೆಟಾಬೈಸಲ್ಫೈಟ್ ಇರುವ ಹಾಳೆ. ಏಕೆ? ತೇವ ತಾಗಿದಾಗ ಅದು ಸಲ್ಫರ್ ಡೈಆಕ್ಸೈಡ್ ಬಿಟ್ಟು ಬೂದು ಬೂಷ್ಟನ್ನು ತಡೆಯುತ್ತದೆ. ಶೀತ ಕಂಟೇನರ್‌ನಲ್ಲಿ ನವಿ ಮುಂಬೈನ ನ್ಹಾವಾ ಶೇವಾ ಬಂದರಿಗೆ, ಅಲ್ಲಿಂದ ಅರಬ್ಬಿ ಸಮುದ್ರ, ಕೆಂಪು ಸಮುದ್ರ, ಸೂಯೆಜ್ ಕಾಲುವೆಯ ಮೂಲಕ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ಗೆ. ಸಮುದ್ರದ ಮೇಲೆ ಸುಮಾರು ಮೂರು ವಾರ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳಾದಾಗ ಅನೇಕ ಹಡಗುಗಳು ಆಫ್ರಿಕಾದ ಗುಡ್ ಹೋಪ್ ಭೂಶಿರ ಸುತ್ತಿ ಹೋಗಬೇಕಾಯಿತು. ಭೂಪಟದ ಮೇಲೆ ದಾರ ಹಿಡಿದು ಎರಡೂ ದಾರಿ ಅಳೆಯಿಸಿದರೆ ಹೆಚ್ಚಾದ ದಿನಗಳಲ್ಲಿ ಪೆಟ್ಟಿಗೆಯೊಳಗಿನ ದ್ರಾಕ್ಷಿ ಏನು ಮಾಡುತ್ತಿತ್ತು ಎಂಬ ಪ್ರಶ್ನೆ ಅಲ್ಲೇ ಹುಟ್ಟುತ್ತದೆ. ಉಸಿರಾಡುತ್ತಿತ್ತು!

ಹೋಲಿಕೆಗೆ ಕರ್ನಾಟಕದ ಇನ್ನೊಂದು ಬೆಳೆ ಉಪಯುಕ್ತ. ಗರ್ಕಿನ್ ಅಥವಾ ಮಿಡಿಸೌತೆಯ ಕೃಷಿ ಮತ್ತು ರಫ್ತು ನಮ್ಮ ದೇಶದಲ್ಲಿ 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲೇ ಸಣ್ಣದಾಗಿ ಶುರುವಾಯಿತು. ಇಂದು ಅದು ಬಹಳಷ್ಟು ದೇಶಗಳಿಗೆ ಹೋಗುತ್ತದೆ. ಆದರೆ ಅದು ಹೋಗುವುದು ಉಪ್ಪುನೀರಿನಲ್ಲಿ ಇಲ್ಲವೇ ವಿನೆಗರ್‌ನಲ್ಲಿ. ದ್ರಾಕ್ಷಿಯನ್ನು ಜೀವಂತವಾಗಿ ಕಳಿಸುತ್ತೇವೆ, ಮಿಡಿಸೌತೆಯನ್ನು ಉಸಿರು ನಿಲ್ಲಿಸಿ ಕಳಿಸುತ್ತೇವೆ. ಕುದಿಸಿದ ಬೆಂಡೆಕಾಯಿಯ ಬಾಟಲಿ ನೆನಪಿರುವ ಮಗುವಿಗೆ ಈ ವ್ಯತ್ಯಾಸ ಒಂದೇ ಮಾತಿನಲ್ಲಿ ಹಿಡಿಸುತ್ತದೆ.

ರಫ್ತಿನಲ್ಲಿ ತಾಜಾತನ ಒಂದೇ ಸಾಲದು, ಶುದ್ಧತೆಯೂ ಬೇಕು ಎಂಬುದಕ್ಕೆ ಎರಡು ಘಟನೆಗಳನ್ನು ಹೇಳಬಹುದು. 2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬ ಬೆಳವಣಿಗೆ ನಿಯಂತ್ರಕದ ಉಳಿಕೆ ಮಿತಿಗಿಂತ ಹೆಚ್ಚು ಕಂಡುಬಂದು ಸರಕು ತಿರಸ್ಕೃತವಾಯಿತು. ಅಲ್ಲಿನ ಮಿತಿ ಒಂದು ಕಿಲೋಗೆ 0.05 ಮಿಲಿಗ್ರಾಂ. ಇದನ್ನು ಮಕ್ಕಳಿಗೆ ಅರ್ಥವಾಗುವ ಅಳತೆಗೆ ತರಬೇಕು: 20 ಟನ್‌ಗೆ 1 ಗ್ರಾಂ. ಟ್ರ್ಯಾಕ್ಟರ್ ಎಳೆಯುವ ಎರಡು ಟ್ರೇಲರ್ ತುಂಬ ಕಬ್ಬು, ಅದರಲ್ಲಿ ಒಂದು ಚಿಟಿಕೆ ಉಪ್ಪು. ಕೇಂದ್ರ ಸರ್ಕಾರದ ಅಪೆಡಾ ಸಂಸ್ಥೆ 2006ರಲ್ಲೇ ಗ್ರೇಪ್‌ನೆಟ್ ಎಂಬ ವ್ಯವಸ್ಥೆಯನ್ನು ಆರಂಭಿಸಿತ್ತು. ಅದರಲ್ಲಿ ಪ್ರತಿ ತೋಟಕ್ಕೂ ನೋಂದಣಿ ಇರುತ್ತದೆ, ಪೆಟ್ಟಿಗೆಯಿಂದ ಹಿಂದೆ ಹೊರಟರೆ ತೋಟವನ್ನು ಗುರುತಿಸಬಹುದು.

ಎರಡನೆಯದು 2014ರದು. ಹಿಂದಿನ ವರ್ಷ ಭಾರತದ 207 ಸರಕುಗಳಲ್ಲಿ ಹಣ್ಣುನೊಣವೇ ಮೊದಲಾದ ಕೀಟಗಳು ಕಂಡಿದ್ದರಿಂದ ಯುರೋಪ್ ಒಕ್ಕೂಟ ಮೇ 1ರಿಂದ ಮಾವು, ಬದನೆ, ಹಾಗಲ, ಪಡುವಲ, ಕೆಸುವುಗಳನ್ನು ನಿಷೇಧಿಸಿತು. ಮಾವಿನ ಮೇಲಿನ ನಿಷೇಧ 2015ರ ಆರಂಭದಲ್ಲಿ ತೆರವಾಯಿತು. ಮಾವನ್ನು 48 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸಿಡುವ ಉಪಚಾರ ಇಂದು ರೂಢಿಯಲ್ಲಿದೆ. ಹಣ್ಣಿನೊಳಗಿನ ಮೊಟ್ಟೆ-ಹುಳು ಸಾಯಬೇಕು, ಹಣ್ಣು ಸಾಯಬಾರದು. ಆ ಅಳತೆ ಕಂಡುಹಿಡಿಯುವುದೇ ವಿಜ್ಞಾನದ ಕೆಲಸ.

ಕೊನೆಯ ಚಟುವಟಿಕೆ ಗಡಿಗೆ ಫ್ರಿಜ್. ದೊಡ್ಡ ಗಡಿಗೆಯೊಳಗೆ ಚಿಕ್ಕದನ್ನು ಇಟ್ಟು, ನಡುವಿನ ಸಂದಿಗೆ ಮರಳು ತುಂಬಿ, ಮರಳಿಗೆ ದಿನಕ್ಕೆ ಎರಡು ಸಲ ನೀರು ಹನಿಸಿ, ಬಾಯಿಗೆ ಒದ್ದೆ ಬಟ್ಟೆ ಮುಚ್ಚುವುದು. ನೀರು ಆವಿಯಾಗುವಾಗ ಶಾಖ ಹೀರಿಕೊಳ್ಳುವುದರಿಂದ ಒಳಗೆ ತಂಪಾಗುತ್ತದೆ. ಇದೇ ತತ್ತ್ವದಲ್ಲಿ ಇಟ್ಟಿಗೆಯ ಎರಡು ಗೋಡೆಗಳ ನಡುವೆ ಮರಳು ತುಂಬಿ ಕಟ್ಟುವ ಶೂನ್ಯಶಕ್ತಿ ತಂಪುಕೋಣೆಯನ್ನು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿ ರೂಪಿಸಿತು. ಬೇಸಿಗೆಯ ಒಣಗಾಳಿಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಮಳೆಗಾಲದಲ್ಲಿ ಅಷ್ಟಿಲ್ಲ. ಏಕೆ ಎಂಬುದನ್ನು ಗೃಹಕಾರ್ಯಕ್ಕೆ ಬಿಡಬಹುದು.

ಮಕ್ಕಳು ಕೇಳಿದ ಪ್ರಶ್ನೆ

ಮೂರನೆಯ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಟೀಚರ್ರಿ, ಹಂಗಾದ್ರ ನಾವೂ ಹೊರದೇಶಕ್ಕ ಕಳಿಸಿದ್ರ ರೇಟ್ ಹೆಚ್ಚ್ ಸಿಗ್ತದೇನ್ರಿ? ಹೋದ ವರ್ಷ ನಮ್ಮಪ್ಪ ಟಮಾಟಿ ರೋಡಿಗೆ ಸುರುವಿ ಬಂದಾರ್ರಿ."

ತರಗತಿ ಸುಮ್ಮನಾಯಿತು. ಇಂಥ ಪ್ರಶ್ನೆಗೆ 'ಸಿಗುತ್ತದೆ' ಎಂದು ಹೇಳಿ ಪಾಠ ಮುಗಿಸುವುದು ಸುಲಭ, ಆದರೆ ಅದು ನಿಜವಲ್ಲ. ಆ ಟೊಮೆಟೊ ರಸ್ತೆಗೆ ಬಿದ್ದದ್ದು ಕೊಳೆತದ್ದಕ್ಕಲ್ಲ, ಕಿತ್ತು ಸಾಗಿಸಿದ ಕೂಲಿಯೂ ಹುಟ್ಟದ ದರಕ್ಕೆ. ಉಸಿರಾಟದ ಪಾಠ ದರದ ಪ್ರಶ್ನೆಗೆ ಉತ್ತರವಾಗಲಾರದು ಎಂಬುದನ್ನು ಮೊದಲು ಒಪ್ಪಬೇಕು. ವಿಜ್ಞಾನ ಕೊಡುವುದು ಕಾಯುವ ಶಕ್ತಿಯನ್ನು. ಮೂರು ದಿನದಲ್ಲಿ ಮಾರಲೇಬೇಕಾದವನಿಗೆ ದಲಾಲಿ ಹೇಳಿದ್ದೇ ದರ. ಇನ್ನೊಂದು ವಾರ ಇಡಬಲ್ಲವನಿಗೆ ಮಾತನಾಡಲು ಸ್ವಲ್ಪ ಜಾಗ ಸಿಗುತ್ತದೆ.

ದೂರದ ಮಾರುಕಟ್ಟೆಗೂ ಅದರದೇ ಅಪಾಯಗಳಿವೆ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರ ಭಾಗದ ಬೆಂಗಳೂರು ಗುಲಾಬಿ ಈರುಳ್ಳಿ ಹೆಚ್ಚಾಗಿ ಮಲೇಷಿಯಾ, ಸಿಂಗಾಪುರ ಮುಂತಾದ ದೇಶಗಳಿಗೆಂದೇ ಬೆಳೆಯುವಂಥದ್ದು. 2015ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಷೇಧಿಸಿದಾಗ, ಇಲ್ಲಿನ ಅಡುಗೆಮನೆಯಲ್ಲಿ ಹೆಚ್ಚು ಬಳಕೆಯಿಲ್ಲದ ಈ ಈರುಳ್ಳಿಯೂ ನಿಂತಿತು. ಅಕ್ಟೋಬರ್‌ನಲ್ಲಿ 10,000 ಟನ್‌ಗೆ ಮಾತ್ರ ಅನುಮತಿ ಬಂತು. ಯುರೋಪಿನ ರೈತರೂ ಇದಕ್ಕೆ ಹೊರತಲ್ಲ. 2014ರ ಆಗಸ್ಟ್‌ನಲ್ಲಿ ರಷ್ಯಾ ಯುರೋಪ್ ಒಕ್ಕೂಟದ ಹಣ್ಣು-ತರಕಾರಿಗಳಿಗೆ ಬಾಗಿಲು ಹಾಕಿದಾಗ, ರಷ್ಯಾವನ್ನೇ ನೆಚ್ಚಿದ್ದ ಪೋಲೆಂಡಿನ ಸೇಬು ಬೆಳೆಗಾರರು ಬೇರೆ ದೇಶಗಳನ್ನು ಹುಡುಕಿಕೊಂಡು ಹೊರಟರು. ನಮ್ಮೂರ ಗಾಡಿಯ ಮೇಲಿನ ಪೋಲೆಂಡಿನ ಸ್ಟಿಕ್ಕರಿನ ಹಿಂದೆ ಈ ಕಥೆಯೂ ಇದೆ.

ಹಾಗಾದರೆ ಹುಡುಗಿಗೆ ಹೇಳುವುದೇನು? ಇಟಲಿಯ ದಕ್ಷಿಣ ತಿರೋಲ್ ಎಂಬ ಸೇಬಿನ ಸೀಮೆಯ ಉದಾಹರಣೆ ಕೊಟ್ಟೆ. ಅಲ್ಲಿನ ಹೆಚ್ಚಿನ ತೋಟಗಳು ಕೆಲವೇ ಹೆಕ್ಟೇರಿನ ಕುಟುಂಬದ ತೋಟಗಳು. ಶೀತಗೃಹ ಕಟ್ಟುವ ಶಕ್ತಿ ಒಬ್ಬೊಬ್ಬರಿಗೆ ಇಲ್ಲ. ಶೀತಗೃಹ, ವಿಂಗಡಣೆ, ಮಾರಾಟ ಬಹುಪಾಲು ಸಹಕಾರ ಸಂಘಗಳ ಕೈಯಲ್ಲಿವೆ. ಇದು ನಮಗೆ ಪರಕೀಯವಾದ ಮಾತಲ್ಲ. ಹುಕ್ಕೇರಿ ತಾಲ್ಲೂಕಿನಲ್ಲಿ ಮನೆಮನೆಗೆ ಕರೆಂಟ್ ಕೊಡುತ್ತಿರುವುದೇ 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಸಕ್ಕರೆಯನ್ನೂ ವಿದ್ಯುತ್ತನ್ನೂ ಸಹಕಾರದಲ್ಲಿ ಕಂಡ ತಾಲ್ಲೂಕಿನ ಮಕ್ಕಳಿಗೆ ತಂಪನ್ನೂ ಹಾಗೆ ಹಂಚಿಕೊಳ್ಳಬಹುದು ಎಂಬ ಯೋಚನೆ ದೂರದ್ದೆನಿಸಲಿಲ್ಲ. "ಕರೆಂಟ್ ಸೊಸಾಯಿಟಿ ಇದ್ದಂಗ ಥಂಡಿ ಸೊಸಾಯಿಟಿ" ಎಂದು ಒಬ್ಬ ಹೆಸರನ್ನೂ ಇಟ್ಟ.

ಹಂತ 5: ಮೌಲ್ಯಮಾಪನ

1. ಕುದಿಸಿದ ಬೆಂಡೆಕಾಯಿಯ ಬಾಟಲಿಯಲ್ಲಿ ಸುಣ್ಣದ ತಿಳಿನೀರು ಹಾಲಿನಂತಾಗಲಿಲ್ಲ. ಕಾರಣ ಕೊಡಿ.
2. 500 ಗ್ರಾಂ ಮೆಂತೆ ಮರುದಿನ 425 ಗ್ರಾಂ ತೂಗಿತು. ಕಳೆದುಕೊಂಡ ತೂಕ ಶೇಕಡಾ ಎಷ್ಟು?
3. ದ್ರಾಕ್ಷಿಯನ್ನು ಹುಳಿಯಿರುವಾಗಲೇ ಕಿತ್ತು ಕಳಿಸಿದರೆ ದಾರಿಯಲ್ಲಿ ಸಿಹಿಯಾಗುತ್ತದೆಯೇ? ಬಾಳೆಯಾದರೆ?
4. ಮಾಗಿದ ಬಾಳೆ ಮತ್ತು ಸೇಬನ್ನು ಒಂದೇ ಕಂಟೇನರ್‌ನಲ್ಲಿ ಏಕೆ ಕಳಿಸಬಾರದು? ಎರಡು ಕಾರಣ ಕೊಡಿ.
5. ನಿಮ್ಮ ಮನೆಯ ತರಕಾರಿ ಹೊಲದಿಂದ ಸಂತೆಗೆ ಹೋಗುವ ದಾರಿಯ ಪಟ್ಟಿ ಮಾಡಿ. ಖರ್ಚಿಲ್ಲದೆ ಬದಲಿಸಬಹುದಾದ ಒಂದು ಹಂತವನ್ನು ಕಾರಣಸಹಿತ ಗುರುತಿಸಿ.

ಐದನೆಯ ಪ್ರಶ್ನೆಗೆ ಬಂದ ಉತ್ತರಗಳು ಹೆಚ್ಚು ಅರ್ಥಪೂರ್ಣವಾಗಿದ್ದವು. ಸಂಜೆ ಕೀಳುವ ಬದಲು ನಸುಕಿನಲ್ಲಿ ಕೀಳುವುದು, ಕಿತ್ತ ಬುಟ್ಟಿಯನ್ನು ಬದುವಿನ ಮೇಲೆ ಬಿಸಿಲಿಗಿಡದೆ ಮರದ ನೆರಳಿಗೆ ಸರಿಸುವುದು, ಚೀಲ ಬಿಟ್ಟು ಗಾಳಿಯಾಡುವ ಕ್ರೇಟ್ ಬಳಸುವುದು, ಹಣ್ಣಾದದ್ದನ್ನು ಕಾಯಿಯಿಂದ ಬೇರೆ ಮಾಡುವುದು. ಪ್ರತಿಯೊಂದಕ್ಕೂ ಮಕ್ಕಳು ಉಸಿರಾಟ, ನೀರು, ಎಥಿಲೀನ್ ಇವುಗಳಲ್ಲಿ ಒಂದನ್ನು ಕಾರಣವಾಗಿ ಬರೆದಿದ್ದರು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

ಊರಿಗೆ ತಕ್ಕಂತೆ ಬೆಳೆ ಬದಲಿಸಿಕೊಳ್ಳಿ. ಗೋಕಾಕ, ಮೂಡಲಗಿ ಭಾಗದಲ್ಲಿ ಅಲ್ಲಿನ ಸಂತೆಯಲ್ಲಿ ಹೆಚ್ಚು ಬರುವ ತರಕಾರಿಯನ್ನೇ ಬಾಟಲಿಗೆ ಹಾಕಿ. ಪ್ರಯೋಗಕ್ಕೆ ಎಳೆಯ, ಅದೇ ದಿನ ಕಿತ್ತ ಕಾಯಿ ಬಳಸಿ, ಅದರ ಉಸಿರಾಟ ಚುರುಕಾಗಿರುತ್ತದೆ. ರಾಸಾಯನಿಕದ ಹೆಸರುಗಳನ್ನು ಬಾಯಿಪಾಠ ಮಾಡಿಸಬೇಡಿ, 20 ಟನ್‌ಗೆ 1 ಗ್ರಾಂ ಎಂಬ ಅಳತೆ ಉಳಿದರೆ ಸಾಕು. ರಫ್ತನ್ನು ಜಾಹೀರಾತಿನಂತೆ ಹೇಳಬೇಡಿ. ದರದ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಸಮಯ ಮೀಸಲಿಡಿ, ಸಾಧ್ಯವಾದರೆ ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಯ ಜೊತೆ ಸೇರಿ ಮೂರನೆಯ ಅವಧಿಯನ್ನು ನಡೆಸಿ.

ಗಡಿಗೆ ಫ್ರಿಜ್ಜನ್ನು ಶಾಲೆಯ ಬಿಸಿಯೂಟದ ಕೋಣೆಯ ಪಕ್ಕ ಇಟ್ಟು, ಒಳಗಿನ ಮತ್ತು ಹೊರಗಿನ ಉಷ್ಣತೆಯನ್ನು ದಿನಕ್ಕೊಮ್ಮೆ ಬರೆಯುವ ಪಟ್ಟಿಯನ್ನು ತರಗತಿಗೆ ಒಪ್ಪಿಸಿದೆವು. ನೀರು ಹನಿಸುವ ಸರದಿಯನ್ನು ಮಕ್ಕಳು ತಾವೇ ಹಂಚಿಕೊಂಡಿದ್ದಾರೆ. ಒಂಬತ್ತನೇ ತರಗತಿಯಲ್ಲಿ ಆವಿಯಾಗುವಿಕೆಯ ಪಾಠ ಬರುವಾಗ ಆ ಪಟ್ಟಿ ಅವರ ಕೈಯಲ್ಲೇ ಇರುತ್ತದೆ.